ಸ್ಟೇಷನ್ ಮುಂದಿನ ಅಗ್ಗದ ಫೋನು

ಶಹಾಪುರದಲ್ಲಿ ಕಾಲುವೆ ನೌಕರರ ಕ್ವಾರ್ಟರ್ಸ್‌ನಲ್ಲಿದ್ದಾಗ ನಮ್ಮ ಪಕ್ಕದ ಮನೆಯಲ್ಲೊಬ್ಬ ಅಕ್ಕ ಇದ್ದರು. ಯಾವ ಸಾಮಾನು ಕೊಳ್ಳುವಾಗಲೂ ಸೆರಗಿಗೆ ಕೈ ಒರೆಸಿಕೊಂಡು, "ತೆರದು ತೋರ್ಸಪಾ" ಎನ್ನುತ್ತಿದ್ದರು. ಕೊಡೆಯನ್ನೂ ಅಂಗಡಿಯೊಳಗೇ ಬಿಚ್ಚಿಸಿ ನೋಡುವವರು.

ಒಮ್ಮೆ ಅಕ್ಕನ ಜೊತೆ ಯಾದಗಿರಿಗೆ ಹೋಗಿದ್ದಾಗ, ಸ್ಟೇಷನ್ ಮುಂದೆ ಒಬ್ಬ ನನಗೆ ಹಳೆಯ ಮೊಬೈಲನ್ನು ಅಗ್ಗಕ್ಕೆ ಕೊಡಲು ಬಂದ. ನಾನು ಆಗಲೇ ಜೇಬಿಗೆ ಕೈ ಹಾಕಿದ್ದೆ. ಅಕ್ಕ ಅವನಿಗೂ ಅದೇ ಮಾತು ಹೇಳಿದರು: "ತೆರದು ತೋರ್ಸಪಾ."

"ಪಾಸ್‌ವರ್ಡ್ ಮರ್ತೀನ್ರಿ," ಎಂದ ಅವನು.

"ನಿನ್ನ ಫೋನ್ ನಿನಗ ತೆರಿಯಾಕ ಬರಂಗಿಲ್ಲೇನು?"

ಅಷ್ಟರಲ್ಲಿ ಫೋನ್ ರಿಂಗಾಯಿತು. ಪರದೆಯ ಮೇಲೆ 'ಅವ್ವ' ಎಂದಿತ್ತು. ಅಕ್ಕ ಅದನ್ನು ಅವನ ಕೈಯಿಂದ ತೆಗೆದುಕೊಂಡು ಕಿವಿಗಿಟ್ಟರು. ಅವನು ಜನರ ನಡುವೆ ಸರಿದುಹೋದ.

"ನನ್ನ ಮಗನ ಫೋನ್ರೀ ಅದು, ಮುಂಜಾನಿ ಕಳದೈತ್ರಿ," ಎಂದು ಆ ಕಡೆಯಿಂದ ಒಬ್ಬ ಹೆಂಗಸು ಅಳುತ್ತಿದ್ದಳು.

"ಅಳಬ್ಯಾಡ್ರಿ. ಅವನ ದೋಸ್ತರಿಗೆ ಫೋನ್ ಮಾಡಿ, ಅವನ್ನ ಯಾದಗಿರಿ ಟೇಷನ್ ಮುಂದ ಕಳಸಾಕ ಹೇಳ್ರಿ. ನಾವು ಇಲ್ಲೇ ಇರ್ತೀವಿ."

ಶಹಾಪುರದ ಬಸ್ಸನ್ನು ಬಿಟ್ಟು ಕಾದೆವು. ಕಡೇಚೂರಿನ ಫ್ಯಾಕ್ಟರಿಯಲ್ಲಿ ದುಡಿಯುವ ಯುವಕನೊಬ್ಬ ಓಡುತ್ತ ಬಂದ. ಅಕ್ಕನ ಎದುರೇ ಫೋನ್ ತೆರೆದು, ಮೊದಲು ತಾಯಿಗೆ ಮಾಡಿದ. "ಯವ್ವಾ" ಎಂದವನೇ ತೋಳಿನಿಂದ ಕಣ್ಣು ಒರೆಸಿಕೊಂಡ. ಅಕ್ಕ ಅವನಿಗೆ ಬೆನ್ನು ಮಾಡಿ, ದೂರ ಬಾ ಎಂದು ನನಗೆ ಕೈಸನ್ನೆ ಮಾಡಿದರು.