ಚಾಲುಕ್ಯರ ಕಾಲದ ಕನ್ನಡಕ

ಟಿವಿಯಲ್ಲಿ ರಾಜರ ಕಾಲದ ಸಿನಿಮಾ ಹಚ್ಚಿದರೆ ನನ್ನ ಗಂಡ ಕಥೆ ನೋಡುವುದಿಲ್ಲ, ತಪ್ಪು ಹುಡುಕುತ್ತಾರೆ. ಲೈನ್‌ಮನ್ ಆಗಿ ನಿವೃತ್ತರಾದವರು. ಕೋಟೆಯ ಹಿಂದೆ ಕರೆಂಟಿನ ಕಂಬವೊಂದು ಕಂಡರೆ ಸಾಕು, "ನೋಡ, ಅರಮನಿಗೆ ಲೈನ್ ಎಳದಾರ" ಎನ್ನುತ್ತಾರೆ. ಸೇನಾಪತಿಯ ಎಡಭುಜಕ್ಕೆ ನೆಟ್ಟ ಬಾಣ ಮರುಕ್ಷಣ ಬಲಭುಜದಲ್ಲಿದ್ದರೆ ಅದೂ ಮೊದಲು ಅವರಿಗೇ ಕಾಣಬೇಕು. ಬಾಗಲಕೋಟೆಯ ನಮ್ಮ ಮನೆಯಲ್ಲಿ ಅದೊಂದು ಆಟ. ನಾನೂ ಬಾಯಿತುಂಬ ನಗುತ್ತಿದ್ದೆ.

ನನ್ನ ಅಣ್ಣನ ಹೆಂಡತಿ, ವೈನಿ, ಕುಳಗೇರಿ ಕ್ರಾಸಿನಲ್ಲಿದ್ದಾರೆ. ಬಾದಾಮಿಗೆ ಶೂಟಿಂಗ್ ಬಂದಾಗ ಗುಂಪಿನಲ್ಲಿ ನಿಲ್ಲಲು ಹೆಂಗಸರನ್ನು ಹೊಂದಿಸಿಕೊಡುವುದು ಅವರ ಕೆಲಸ. ಚಾಲುಕ್ಯರ ಕಾಲದ ಒಂದು ಸಿನಿಮಾಕ್ಕೆ ಮಂದಿ ಕಡಿಮೆ ಬಿದ್ದರು. "ಬಾ, ಕೊಡಾ ಹೊತ್ಕೊಂಡು ಮೆಟ್ಟಲ ಏರೂದಷ್ಟಽ" ಎಂದು ನನ್ನನ್ನು ಕರೆದರು.

ಬಾದಾಮಿಯ ಹೊಂಡದ ದಂಡೆಯಲ್ಲಿ ನಮಗೆ ಬಿಳಿ ಬಟ್ಟೆ ಉಡಿಸಿದರು. ಬೆಂಗಳೂರು ಕಡೆಯ ಹುಡುಗಿಯೊಬ್ಬಳು ಬಂದು, "ಕನ್ನಡಕ ತೆಗೀರಮ್ಮ" ಎಂದಳು. ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕನ್ನಡಕವಿಲ್ಲದೆ ನನಗೆ ಮೆಟ್ಟಿಲಿನ ಅಂಚು ತಿಳಿಯುವುದಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ, ಹೇಳಿದರೆ ಮುದುಕಿಯೆಂದು ಬಿಟ್ಟುಬಿಟ್ಟಾರು ಎಂಬ ಅಳುಕು. ಎರಡನೇ ಸಲ ಏರುವಾಗ ಪಾಚಿಯ ಮೇಲೆ ಕಾಲು ಜಾರಿತು, ಹೇಗೋ ಸಾವರಿಸಿಕೊಂಡೆ. ಮತ್ತೊಮ್ಮೆ ಏರಿರೆಂದಾಗ ಕ್ಯಾಮೆರಾ ಎಲ್ಲೋ ಆಚೆ ದಂಡೆಯಲ್ಲಿದೆ, ರಾಜ ರಾಣಿಯನ್ನು ಬಿಟ್ಟು ನನ್ನನ್ನು ಯಾರು ನೋಡುತ್ತಾರೆ ಎಂದುಕೊಂಡು ಕನ್ನಡಕ ಏರಿಸಿದೆ.

ಸಿನಿಮಾ ಬಂದಾಗ ನಾನೇ ಮುಂದಾಗಿ ಎಲ್ಲರನ್ನೂ ಬಾಗಲಕೋಟೆಯ ಥೇಟರಿಗೆ ಕರೆದುಕೊಂಡು ಹೋದೆ. ಇಳಕಲ್ಲಿನಿಂದ ಮಗಳು ಬಂದಳು, ಮಗಳ ಅತ್ತೆ ಬಂದರು. ಬೀಗತಿಯನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ.

ರಾಣಿಯ ಹಿಂದೆ ನಮ್ಮ ಸಾಲು ಕಂಡಿತು. ಬಿಸಿಲಿಗೆ ನನ್ನ ಮುಖದ ಮೇಲೆ ಫಳ್ಳೆಂದು ಗಾಜು ಹೊಳೆಯಿತು. ಮುಂದಿನ ಸಾಲಿನ ಹುಡುಗ ಗೆಳೆಯನಿಗೆ, "ಲೇ, ಚಾಲುಕ್ಯರ ಅಜ್ಜಿ ಚಷ್ಮಾ ಹಾಕ್ಯಾಳ ನೋಡಲೇ" ಎಂದ. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಬೀಗತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಯಾವಾಕಿನೋ ಏನೋ, ಇಷ್ಟೂ ತಿಳಿಬಾರದೇನ್ರಿ?" ಎಂದರು. ಸ್ವಲ್ಪ ಹೊತ್ತಿಗೆ ನನ್ನ ಕಡೆ ಬಾಗಿ, "ಇದರಾಗ ನೀವು ಯಾವಾಗ ಬರ್ತೀರಿ?" ಎಂದು ಕೇಳಿದರು.

"ನಂದು ಕಟ್ ಮಾಡ್ಯಾರಂತ ಕಾಣ್ತದ್ರಿ" ಎಂದೆ.

ಎಲ್ಲ ತಪ್ಪನ್ನೂ ಮೊದಲು ಕೂಗಿ ಹೇಳುವ ನನ್ನ ಗಂಡ ಅಂದು ತುಟಿ ಬಿಚ್ಚಲಿಲ್ಲ. ಅವರು ನಕ್ಕಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಮನೆಗೆ ಬಂದ ಮೇಲೆ, "ಮೆಟ್ಟಲ ಜಾರತಿದ್ವೇನ?" ಎಂದಷ್ಟೇ ಕೇಳಿದರು. ನಾನು ಒಳಗೆ ಹೋಗಿ ಒಲೆ ಹಚ್ಚಿದೆ.

ವಾರದೊಳಗೆ ನನ್ನ ಮುಖಕ್ಕೆ ಕೆಂಪು ವೃತ್ತ ಹಾಕಿದ ವಿಡಿಯೋ ಫೋನಿನಿಂದ ಫೋನಿಗೆ ಓಡಾಡಿತು. ತರಕಾರಿ ಸಂತೆಗೆ ಹೋಗುವಾಗ ಕನ್ನಡಕ ತೆಗೆದು ಚೀಲದಲ್ಲಿಟ್ಟುಕೊಳ್ಳತೊಡಗಿದೆ, ಬದನೆಕಾಯಿಯ ಹುಳುಕು ಕಾಣದೆ ಮನೆಗೆ ತಂದೆ. ಕೊನೆಗೆ ಕುಳಗೇರಿ ಕ್ರಾಸಿಗೆ ಹೋಗಿ ವೈನಿಯ ಮುಂದೆ ನಿಂತೆ.

"ಶೂಟಿಂಗಿನವರು ಫೋನ್ ಹಚ್ಚಿ ಬೈದ್ರು. ಇನ್ನ ನಿಮ್ಮ ಮಂದಿ ಬ್ಯಾಡಂದ್ರು" ಎಂದರು ವೈನಿ. "ಆಕಿ ಯಾರಂತ ಕೇಳಿದ್ರು. ಗೊತ್ತಿಲ್ಲಂದೆ."

"ನನ್ನ ಹೆಸರು ಹೇಳಬೇಕಿತ್ರಿ ವೈನಿ."

"ಹೇಳಿ ಏನ ಮಾಡೂದು? ಕಣ್ಣ ಕಾಣಂಗಿಲ್ಲಂತ ಒಂದ ಮಾತ ನನಗ ಹೇಳಿದ್ರ ಕೆಳಗಿನ ಕಟ್ಟಿ ಮ್ಯಾಲ ಕುಂದ್ರಸ್ತಿದ್ದೆ."

ದನಿ ಏರಿಸಲಿಲ್ಲ. ಚಹಾ ಕೊಟ್ಟರು. ನನಗಾಗಿ ಬೈಸಿಕೊಂಡವರ ಮನೆಯ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ವಾಪಸು ಹೋಗುವ ಬಸ್ಸಿಗೆ ಕಾಯುತ್ತ ನಿಂತಾಗ ಇಳಕಲ್ಲಿಗೆ ಫೋನ್ ಮಾಡಿದೆ. ಮಗಳಿಗಲ್ಲ, ಬೀಗತಿಗೆ.

"ಸಿನಿಮಾದಾಗ ಚಷ್ಮಾದಾಕಿ ನಾನಽ ರಿ. ಅವತ್ತು ಸುಳ್ಳ ಹೇಳಿದೆ."

ಬೀಗತಿ ಸಣ್ಣ ದನಿಯಲ್ಲಿ, "ಅಯ್ಯ, ನಾ ಆ ವಿಡಿಯೋ ನಮ್ಮ ಮಂದಿಗೆಲ್ಲಾ ಕಳಿಸೀನಲ್ರಿ" ಎಂದರು.

ಫೋನ್ ಇಡಲು ಇಬ್ಬರಿಗೂ ಆಗಲಿಲ್ಲ. ಬಸ್ಸು ಬಂತೆಂದು ಹೇಳಿದೆ. ಬಸ್ಸು ಇನ್ನೂ ಬಂದಿರಲಿಲ್ಲ.