ಶ್ರಾವಣದಲ್ಲಿ ತೆರೆಸಿದ ಹಗೇವು

೧೯೬೪ರ ಶ್ರಾವಣ, ಸೋಮವಾರ. ದಿನಚರಿಯಲ್ಲಿ ನಾನು ಬರೆದಿಟ್ಟ ಲೆಕ್ಕ ಹೀಗಿದೆ: ಕಳ್ಳಕವಟಗಿಯಲ್ಲಿ ನೋಡಿದ ಹಗೇವು ಹನ್ನೊಂದು, ಬಾಯಿ ತೆಗೆಸಿದ್ದು ಒಂದು. ಆ ಒಂದನ್ನು ನೆನೆದರೆ ಈಗಲೂ ಹೇಸಿಕೆಯಾಗುತ್ತದೆ.

ತಿಕೋಟಾದಲ್ಲಿ ದೊಡ್ಡ ಉಗ್ರಾಣ ಕಟ್ಟಿಸುವುದೆಂದು ಸರ್ಕಾರ ನಿಶ್ಚಯಿಸಿಯಾಗಿತ್ತು. ರೈತರು ಜೋಳವನ್ನು ನೆಲದೊಳಗಿನ ಹಗೇವಿನಲ್ಲೇ ಏಕೆ ಇಡುತ್ತಾರೆಂದು ತಿಳಿಯಲು ಆಮೇಲೆ ನಮ್ಮ ಸಮಾಜಶಾಸ್ತ್ರದ ಪ್ರಾಧ್ಯಾಪಕರನ್ನು ನೇಮಿಸಿತು. ಮನೆಮನೆಗೆ ಹೋಗಿ ಉತ್ತರ ಬರೆದುಕೊಳ್ಳುವ ಕೆಲಸ ನನ್ನದು.

ಅಂದು ಯೋಜನೆಯ ಅಧಿಕಾರಿಯೂ ಜೀಪಿನಲ್ಲಿ ಬಂದಿದ್ದರು. ಅವರಿಗೆ ಹಗೇವಿನ ಒಳಗನ್ನು ನೋಡುವ ಆಸೆ. ಪ್ರಾಧ್ಯಾಪಕರು ಒಬ್ಬ ವಿಧವೆಯ ಅಂಗಳದಲ್ಲಿ ನಿಂತು ಬಾಯಿ ತೆಗೆಸಲು ಹೇಳಿದರು. ಹಗೇವು ತುಂಬಿ ಮಣ್ಣು ಮೆತ್ತಿದ ಮೇಲೆ, ಕಾಳು ಬೇಕಾದ ದಿನ ಒಮ್ಮೆಲೇ ತೆರೆದು ಪೂರ್ತಿ ಖಾಲಿ ಮಾಡುವುದು ಅಲ್ಲಿಯ ರೂಢಿ. ಮಳೆಗಾಲದಲ್ಲಂತೂ ಯಾರೂ ಮುಟ್ಟುವುದಿಲ್ಲ.

"ಈಗ ಬ್ಯಾಡ್ರಿ ಯಪ್ಪಾ," ಎಂದಳು ಆಕೆ. "ಮ್ಯಾಲ ಮೋಡ ಕಟ್ಟೇತಿ. ಹಸಿ ಹೊಕ್ಕರ ವರ್ಷದ ಕೂಳು ಹೋಗತೈತಿ. ನಿಮ್ಮ ಮನಿ ಉಪ್ಪಿನಕಾಯಿ ಭರಣಿ ಹಿಂಗ ಬಂದವರಿಗೆಲ್ಲಾ ಬಿಚ್ಚಿ ತೋರಿಸ್ತೀರೇನು?"

ಅಧಿಕಾರಿ ನಕ್ಕರು. "ಐದ ನಿಮಿಷದ ಕೆಲಸ ಬೇ."

"ನಿಮ್ಮ ಒಳ್ಳೇದಕ್ಕ ಮಾಡಾಕತ್ತೇವಿ," ಎಂದರು ಪ್ರಾಧ್ಯಾಪಕರು.

ತೆಗೆಸಿಯೇ ಬಿಟ್ಟರು. ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು ಬಗ್ಗಿ ನೋಡಿ, ಆಕೆಯ ಮನೆಯದೇ ಚಹಾ ಕುಡಿದು ಹೊರಟರು. ಆಳುಗಳು ಬಾಯಿ ಮುಚ್ಚುವಷ್ಟರಲ್ಲಿ ಮಳೆ ಹಿಡಿಯಿತು.

ದಸರೆಯ ಹೊತ್ತಿಗೆ ಮತ್ತೆ ಹೋದೆ. ಮನೆಯೊಳಗಿನ ಜೋಳ ತೀರಿ ಆಕೆ ಹಗೇವು ತೆರೆಸಿದ್ದಳು. ಅಂಗಳದ ತುಂಬ ಕಪ್ಪಾದ ಕಾಳು, ಹುಳಿ ನಾತ. ಎಮ್ಮೆ ಕೂಡ ಮೂಸಿ ಮುಖ ತಿರುಗಿಸಿತು.

"ಬರಕೋರಿ," ಎಂದಳು. "ಇದನ್ನೂ ಬರಕೋರಿ."

ವಿಜಾಪುರದ ಗಾಂಧಿ ಚೌಕದ ಬಳಿ ನಮ್ಮ ಬಾಡಿಗೆ ಕೋಣೆಯಿತ್ತು. ಅಲ್ಲಿ ಪ್ರಾಧ್ಯಾಪಕರಿಗೆ ಇದನ್ನು ಹೇಳಿದರೆ ಅವರ ಮುಖ ಅರಳಿತು.

"ಹಗೇವಿನಾಗ ಕಾಳು ಕೆಡತೈತಿ ಅನ್ನಾಕ ಒಂದೂ ಪುರಾವೆ ಸಿಕ್ಕಿರಲಿಲ್ಲ ನೋಡು. ಸಾಹೇಬರು ಖುಷಿ ಆಗ್ತಾರ!"

"ಕೆಡಿಸಿದವರು ನಾವರಿ ಸರ. ಅದನ್ನೂ ಬರೀಬೇಕಲ್ರಿ?"

"ಅದು ಅಧ್ಯಯನದ ವಿಷಯ ಅಲ್ಲೋ."

ವರದಿಯಲ್ಲಿ ಆಕೆಯ ಜೋಳಕ್ಕೆ ಎರಡು ಸಾಲು ಸಿಕ್ಕವು. ಮಳೆಗಾಲದಲ್ಲಿ ಹಗೇವು ತೆರೆಸಿದವರು ಯಾರೆಂಬುದು ಎಲ್ಲೂ ಇಲ್ಲ. ಅಧಿಕಾರಿ ಮೆಚ್ಚಿ, ಬಬಲೇಶ್ವರದ ಕಡೆಯ ಅಧ್ಯಯನವನ್ನೂ ಪ್ರಾಧ್ಯಾಪಕರಿಗೇ ಕೊಟ್ಟರು. ಆ ಹೆಂಗಸಿಗೆ ಏನಾದರೂ ಪರಿಹಾರ ಕೊಡಿಸಿರೆಂದು ನಾನು ಕೇಳಿದಾಗ ಅಧಿಕಾರಿ ಉದಾರವಾಗಿ ಹೇಳಿದರು: "ಹೊಸಾ ಉಗ್ರಾಣದಾಗ ಮೊದಲ ಜಾಗಾ ಆಕಿಗೇ ಕೊಡೂಣು."

ಅಲ್ಲಿ ಇಡಲು ಆಕೆಯ ಬಳಿ ಒಂದು ಸೇರು ಜೋಳವೂ ಇರಲಿಲ್ಲ. ಸುಗ್ಗಿಯವರೆಗೆ ಆಕೆ ಪರರ ಹೊಲಕ್ಕೆ ಕೂಲಿಗೆ ಹೋದಳು.