ಡೋಣಿ ದಾಟಿದ ಇದ್ದಲ ಉಂಡೆಗಳು

ಇಂಡಿ ಸ್ಟೇಶನ್ನಿನ ಹಿಂದಿನ ಬಯಲಿನಿಂದ ನಾವು ಹೊರಟಾಗ ಇನ್ನೂ ಎಳೆಬಿಸಿಲು. ಎಪ್ಪತ್ತಾರರ ದೀಪಾವಳಿ ಮುಗಿದು ಛಳಿ ಹಿಡಿದಿತ್ತು. ಒಂದು ಲಾರಿ, ಅದರ ಮುಂದೆ ಒಂದು ಟ್ರ್ಯಾಕ್ಟರ್, ಟ್ರ್ಯಾಕ್ಟರಿಗೆ ಕಟ್ಟಿದ ಟ್ರೇಲರ್. ಲಾರಿಯಲ್ಲಿ ಚೀಲಗಳು, ಟ್ರೇಲರಿನಲ್ಲಿ ಚೀಲ ಸಾಲದೆ ಸಡಿಲಾಗಿ ಸುರಿದ ರಾಶಿ. ಎರಡರಲ್ಲಿಯೂ ಇದ್ದದ್ದು ಒಂದೇ ಸರಕು: ಕಲ್ಲಿದ್ದಲ ಉಂಡೆ. ಉಗಿಬಂಡಿಗಳಿಂದ ಸ್ಟೇಶನ್ನಿನಲ್ಲಿ ಉಳಿಯುವ ಇದ್ದಲ ಪುಡಿಯನ್ನು ಸೋಸಿ, ಸಗಣಿ ಮತ್ತು ಜಿಗಟು ಮಣ್ಣು ಕಲಸಿ, ಕೈಯಲ್ಲಿ ಕಟ್ಟಿ, ಬಿಸಿಲಿಗೆ ಒಣಗಿಸಿದವು. ಒಂದೊಂದೂ ದೊಡ್ಡ ಲಾಡುವಿನ ಗಾತ್ರ. ಮುದ್ದೇಬಿಹಾಳದ ಒಂದು ಬೋರ್ಡಿಂಗಿಗೆ ಅವನ್ನು ಮುಟ್ಟಿಸಬೇಕಾಗಿತ್ತು.

ಸರಕು ಶಾಂತವ್ವನದು. ಸ್ಟೇಶನ್ ಓಣಿಯಲ್ಲಿ ನನ್ನ ಬಟ್ಟೆ ಅಂಗಡಿಯ ಮಗ್ಗುಲಿಗೇ ಅವಳ ಉಂಡೆ ಕಟ್ಟುವ ಬಯಲು. ಹತ್ತು ಹನ್ನೊಂದು ಹೆಂಗಸರು ಅವಳ ಜೊತೆ ದುಡಿಯುತ್ತಿದ್ದರು. ನಮ್ಮ ಓಣಿಯ ಮನೆಗಳಿಗೆಲ್ಲ ಸೀಮೆಎಣ್ಣೆ ಸ್ಟೋವು ಬರತೊಡಗಿದ ಮೇಲೆ ಉಂಡೆ ಕೊಳ್ಳುವವರು ಕಡಿಮೆಯಾದರು. ಈ ಬೋರ್ಡಿಂಗಿನ ಮ್ಯಾನೇಜರ್ ನನ್ನ ಷಡ್ಡಕ. ಅಲ್ಲಿ ಇನ್ನೂರು ಹುಡುಗರಿಗೆ ಎರಡು ಹೊತ್ತು ಅಡಿಗೆ, ಛಳಿಗಾಲದಲ್ಲಿ ಸ್ನಾನಕ್ಕೆ ಬಿಸಿನೀರು. ಸುತ್ತ ಎರೆಹೊಲ, ಗಿಡವಿಲ್ಲ, ಕಟ್ಟಿಗೆ ತುಟ್ಟಿ. ನಾನೇ ಮಾತು ಹಾಕಿ ಒಂದು ಲೋಡ್ ತಂದು ನೋಡಲು ಒಪ್ಪಿಸಿದ್ದೆ. ಅವರಿಗೆ ಒಪ್ಪಿಗೆಯಾದರೆ ತಿಂಗಳಿಗೊಂದು ಲೋಡ್. ಇಲ್ಲವಾದರೆ ಬಯಲನ್ನು ಬಿಟ್ಟುಬಿಡುವುದೆಂದು ಶಾಂತವ್ವ ನಿರ್ಧರಿಸಿದ್ದಳು. ಹೊರಡುವಾಗ ಅವಳ ಹೆಂಗಸರು ಎರಡೂ ಗಾಡಿಗೆ ಕುಂಕುಮ ಹಚ್ಚಿದರು. ಒಬ್ಬಾಕೆ ನನಗೆ, "ಅಣ್ಣಾರ, ಷಡ್ಡಕರಿಗೆ ನಾಕ ಮಾತ ಛಂದಂಗ ಹೇಳ್ರಿ. ಅಂಗಡ್ಯಾಗ ಹರಕ ಥಾನ ದಾಟಸಾಕ ಹೇಳ್ತೀರಲಾ, ಹಂಗ," ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಲಾರಿ ಓಡಿಸುವವನು ದಸ್ತಗೀರಸಾಬ, ಐವತ್ತು ದಾಟಿದವನು, ಮಾತು ಕಡಿಮೆ. ಟ್ರ್ಯಾಕ್ಟರಿನ ಮಲ್ಲಪ್ಪ ಮುದ್ದೇಬಿಹಾಳದ ಕಡೆಯಿಂದ ಮನೆಯೊಂದಕ್ಕೆ ಹಾಸುವ ಕಲ್ಲು ತರಲು ಖಾಲಿ ಹೊರಟಿದ್ದ; ಅರ್ಧ ಬಾಡಿಗೆಗೆ ನಮ್ಮ ರಾಶಿ ಹೇರಿಕೊಳ್ಳಲು ಒಪ್ಪಿದ್ದ. ನಾನು ಲಾರಿಯ ಕ್ಯಾಬಿನ್ನಿನಲ್ಲಿ ಕೂತೆ. ಶಾಂತವ್ವ ಕ್ಯಾಬಿನ್ನಿನ ಡೀಸೆಲ್ ವಾಸನೆ ಆಗುವುದಿಲ್ಲವೆಂದು ಟ್ರೇಲರಿನ ರಾಶಿಯ ಮೇಲೆ ಗೋಣಿತಟ್ಟು ಹಾಸಿಕೊಂಡು ಹತ್ತಿದಳು.

ಇಂಡಿ ಊರನ್ನು ದಾಟಿದ ಮೇಲೆ ಸಿಂದಗಿಯವರೆಗೆ ರಸ್ತೆ ಹೆಚ್ಚುಕಡಿಮೆ ಸಪಾಟು, ತಗ್ಗುಗಳು ಮಾತ್ರ ಬಹಳ. ಲೋಡು ಭಾರವಾಗಿದ್ದರಿಂದ ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕಿ ಹೋದರು. ಎರಡೂ ಕಡೆ ಹಿಂಗಾರಿ ಜೋಳ ಮೊಣಕಾಲೆತ್ತರ ಬೆಳೆದಿತ್ತು. ತೊಗರಿ ಹೂಬಿಟ್ಟಿತ್ತು. ಹತ್ತಿರ ಹತ್ತಿರ ಐವತ್ತು ಕಿಲೋಮೀಟರಿಗೆ ನಾಲ್ಕು ತಾಸು ಹಿಡಿಯಿತು. ಸಿಂದಗಿಯ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿದೆವು, ಕಪ್ಪಿಗೆ ಇಪ್ಪತ್ತು ಪೈಸೆ. ಚುರುಮುರಿ, ಮಿರ್ಚಿ ಬಿಸಿಯಾಗಿದ್ದವು. ಶಾಂತವ್ವನ ಮುಖ, ಕೈ, ಸೀರೆ ಎಲ್ಲ ಕರಿಯಾಗಿದ್ದವು. ಚಹಾದ ಅಂಗಡಿಯವನು ಅವಳನ್ನು ನೋಡಿ, "ಯವ್ವಾ, ರೈಲ್ವೆ ಇಂಜನ್ನಿನಾಗ ಕುಂತ ಬಂದೀಯೇನ?" ಎಂದ. "ಇಲ್ಲಪಾ, ಇಂಜನ್ನ ಹೊತಗೊಂಡ ಬಂದೇನಿ," ಎಂದಳು.

ದೇವರ ಹಿಪ್ಪರಗಿಯಲ್ಲಿ ಬುತ್ತಿ ಬಿಚ್ಚಿ ಉಂಡೆವು. ಅಂದು ಸಂತೆ, ದನ, ಗಾಡಿಗಳ ನಡುವೆ ದಾರಿ ಮಾಡಿಕೊಳ್ಳುವುದೇ ಕಷ್ಟವಾಯಿತು. ಅಲ್ಲಿಂದ ಬಸವನ ಬಾಗೇವಾಡಿಯ ಕಡೆ ತಿರುಗಿದೆವು. ದಾರಿಯಲ್ಲಿ ಡೋಣಿ ನದಿ ಅಡ್ಡ ಬರುತ್ತದೆ. ನೀರು ತೆಳ್ಳಗೆ ಹರಿಯುತ್ತಿತ್ತು, ದಂಡೆಯಲ್ಲಿ ಉಪ್ಪು ಬೆಳ್ಳಗೆ ಕಟ್ಟಿತ್ತು. ಇಳಿದು ದಾಟಿದ್ದೇನೋ ಸುಸೂತ್ರವಾಯಿತು. ಆಚೆಯ ಏರಿನಲ್ಲಿ ನಡೆದದ್ದನ್ನು ನಾನು ಅವಸರದಲ್ಲಿ ಹೇಳಲಾರೆ. ಕಂಡಷ್ಟನ್ನೇ, ಕಂಡ ಕ್ರಮದಲ್ಲಿಯೇ ಬರೆಯುತ್ತೇನೆ.

ಟ್ರ್ಯಾಕ್ಟರ್ ಏರಿನ ನಡುಮಧ್ಯದಲ್ಲಿತ್ತು. ನಾವು ಅದರ ಹಿಂದೆ ಹತ್ತು ಮಾರು ದೂರದಲ್ಲಿದ್ದೆವು. ಮೊದಲು ಒಂದು ಸಣ್ಣ ಶಬ್ದ ಕೇಳಿತು, ಬಡಿಗೆ ಮುರಿದ ಹಾಗೆ. ಟ್ರ್ಯಾಕ್ಟರ್ ಹಗುರಾಗಿ ಮುಂದಕ್ಕೆ ಜಿಗಿಯಿತು. ಟ್ರೇಲರ್ ಅದರ ಜೊತೆ ಹೋಗಲಿಲ್ಲ. ಎರಡನ್ನೂ ಕೂಡಿಸುವ ಕಬ್ಬಿಣದ ಗೂಟ ತುಂಡಾಗಿತ್ತು. ಟ್ರೇಲರ್ ಇದ್ದಲ್ಲೇ ಒಂದು ಕ್ಷಣ ನಿಂತ ಹಾಗೆ ಕಂಡಿತು. ಆಮೇಲೆ ಹಿಂದಕ್ಕೆ, ನಮ್ಮ ಕಡೆಗೆ, ಬರತೊಡಗಿತು. ಮೇಲೆ ಶಾಂತವ್ವ ನಮ್ಮ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಬಾಯಿ ತೆರೆದಿತ್ತು. ಕೂಗಿದಳೋ ಇಲ್ಲವೋ ನನಗೆ ಗೊತ್ತಿಲ್ಲ, ನನಗೇನೂ ಕೇಳಿಸಲಿಲ್ಲ.

ದಸ್ತಗೀರಸಾಬ ಲಾರಿಯನ್ನು ಹಿಂದಕ್ಕೆ ತೆಗೆಯುತ್ತಾನೆಂದು ನಾನು ಅಂದುಕೊಂಡೆ. ಅವನು ಮುಂದಕ್ಕೆ ಹೋದ. ಅವಸರವಿಲ್ಲದೆ, ಮೊದಲನೆಯ ಗೇರಿನಲ್ಲಿ, ಬರುತ್ತಿದ್ದ ಟ್ರೇಲರಿಗೆ ಎದುರಾಗಿ ಹೋದ. ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚಿದ್ದರೆ ಚೆನ್ನಾಗಿತ್ತು. ಲಾರಿಯ ಮುಂಭಾಗ ಟ್ರೇಲರಿನ ಹಿಂದಿನ ಹಲಗೆಗೆ ತಾಗಿತು, ಹಲಗೆ ಮುರಿಯಿತು, ಉಂಡೆಗಳು ಬಾನೆಟ್ಟಿನ ಮೇಲೆ ಧೋ ಎಂದು ಸುರಿದವು. ಗಾಜಿನ ತುಂಬ ಕರಿ ಧೂಳು. ನಾವು ಒಂದಿಷ್ಟು ಹಿಂದಕ್ಕೆ ಜಾರಿದೆವು. ನಂತರ ಎಲ್ಲ ನಿಂತಿತು.

ಧೂಳು ಇಳಿದಾಗ ಶಾಂತವ್ವ ನಮ್ಮ ಗಾಜಿನ ಎದುರಿಗೇ ಇದ್ದಳು. ಮೊಣಕಾಲಿನವರೆಗೆ ಉಂಡೆಗಳಲ್ಲಿ ಹೂತಿದ್ದಳು, ಎರಡೂ ಕೈಯಿಂದ ಪಕ್ಕದ ಹಲಗೆ ಹಿಡಿದಿದ್ದಳು. ನನಗೆ ಬಾಗಿಲು ತೆಗೆಯಲು ಬರಲಿಲ್ಲ. ಹಿಡಿಕೆ ಎಲ್ಲಿದೆಯೆಂದು ಕಾಣುತ್ತಿದ್ದರೂ ಕೈ ಅಲ್ಲಿಗೆ ಹೋಗಲಿಲ್ಲ. ದಸ್ತಗೀರಸಾಬ ಬ್ರೇಕಿನ ಮೇಲಿನ ಕಾಲು ತೆಗೆಯದೆ, "ಮಲ್ಲಪ್ಪಾ, ಗಾಲಿಗೆ ಕಲ್ಲ ಇಡೋ!" ಎಂದು ಕೂಗಿದ. ಮಲ್ಲಪ್ಪ ಓಡಿಬಂದು ಕಲ್ಲು ಇಟ್ಟ. ಶಾಂತವ್ವ ಕೇಳಿದ ಮೊದಲ ಮಾತು, "ಉಂಡಿ ಭಾಳ ಒಡದಾವೇನರಿ?"

"ಉಂಡಿ ಹಾಳಾಗ್ಲಿ, ನಿನ್ನ ಕಾಲ ನೋಡ್ಕೊ ಮೊದಲ," ಎಂದ ದಸ್ತಗೀರಸಾಬ. ಅವಳ ಮೊಣಕೈ ತರಚಿ ರಕ್ತ ಬಂದಿತ್ತು, ಪಾದ ಉಳುಕಿತ್ತು. ಮತ್ತೇನೂ ಆಗಿರಲಿಲ್ಲ.

ಆಮೇಲೆ ನಾನು ಅವನನ್ನು ಕೇಳಿದೆ, ಮುಂದೆ ಯಾಕೆ ಹೋದೆಯೆಂದು. "ಹಿಂದ ಸರದಿದ್ರ ಅದು ಓಡತಿತ್ತರಿ. ಓಡಾಕ ಹತ್ತಿತಂದ್ರ ಡೋಣಿಗೇ ಹೋಗಿ ನಿಲ್ಲೂದು. ಓಡೂದಕ್ಕಿಂತ ಮೊದಲ ಹಿಡೀಬೇಕಾಗಿತ್ತು," ಎಂದು ಬೀಡಿ ಹಚ್ಚಿದ.

ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸರು ಬಂದರು. "ಯಾರ ಮದುವಿಗೆ ಹೊಂಟೀರವ್ವಾ, ಕರೀ ಲಾಡು ಮಾಡ್ಕೊಂಡು?" ಎಂದಳು ಒಬ್ಬ ಮುದುಕಿ. "ನಿಂದೇ ಐತಿ ಬಾ ಆಯಿ, ವರಾ ಇಲ್ಲೇ ಲಾರ್ಯಾಗ ಕುಂತಾನ," ಎಂದು ಶಾಂತವ್ವ ನನ್ನನ್ನು ತೋರಿಸಿದಳು. ಹೆಂಗಸರೆಲ್ಲ ನಕ್ಕರು. ಹತ್ತಿ ತುಂಬಲು ಕಟ್ಟಿದ್ದ ಉಡಿಯಲ್ಲಿಯೇ ಅವರು ಉಂಡೆ ಆರಿಸಿ ತಂದು ಹಾಕಿದರು. ಇಡಿಯವು ಟ್ರೇಲರಿಗೆ, ಒಡೆದವು ಬೇರೆ. ಒಡೆದವನ್ನು ಶಾಂತವ್ವ ಅವರಿಗೇ ಕೊಟ್ಟಳು. ರಾಶಿಯಲ್ಲಿ ಮುಕ್ಕಾಲು ಪಾಲು ಉಳಿದಿತ್ತು. ಮಲ್ಲಪ್ಪ ಹಳೆಯ ಹಾರೆಯ ತುಂಡೊಂದನ್ನು ಗೂಟದ ಜಾಗದಲ್ಲಿ ಹಾಕಿ, ಅದರ ಮೇಲೆ ಸರಪಳಿ ಸುತ್ತಿದ. ಸೂರ್ಯ ಮುಳುಗುವ ಹೊತ್ತಿಗೆ ಬಾಗೇವಾಡಿ ಮುಟ್ಟಿದೆವು. ಶಾಂತವ್ವ ಈಗ ಕ್ಯಾಬಿನ್ನಿನಲ್ಲಿದ್ದಳು, ಮೂಗಿಗೆ ಸೆರಗು ಹಿಡಿದುಕೊಂಡು.

ಬಾಗೇವಾಡಿಯಲ್ಲಿ ಹೊಸ ಗೂಟ ಮಾಡಿಸಿ ಹಾಕಿದೆವು. ಖಾನಾವಳಿಯಲ್ಲಿ ಊಟಕ್ಕೆ ಒಂದೂಕಾಲು ರೂಪಾಯಿ. ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ಮಲ್ಲಪ್ಪ ಗೂಟವನ್ನು ಹೊರಡುವ ಮುನ್ನ ನೋಡಿರಲಿಲ್ಲವೆಂದು ತಾನಾಗಿಯೇ ಹೇಳಿ ಊಟ ಬಿಟ್ಟು ಕೂತ. ಶಾಂತವ್ವ ಅವನ ತಾಟಿಗೆ ತನ್ನದೊಂದು ರೊಟ್ಟಿ ಹಾಕಿ, "ಉಣ್ಣಪಾ, ನಾಳಿ ಏರ ಅದಾವ," ಎಂದಳು.

ಮರುದಿನ ಮುದ್ದೇಬಿಹಾಳ ಮುಟ್ಟಿದಾಗ ಹತ್ತು ಗಂಟೆ. ದಾರಿಯಲ್ಲಿ ಪ್ರತಿ ಏರು ಬಂದಾಗಲೂ ನಾನು ಮುಂದಿನ ಟ್ರೇಲರಿನ ಕೊಂಡಿಯನ್ನೇ ನೋಡುತ್ತಿದ್ದೆ. ಷಡ್ಡಕ ಶಿವಲಿಂಗಪ್ಪ ಬಾಗಿಲಲ್ಲೇ ಸಿಕ್ಕ. ಸರಕು ಇಳಿಸುವ ಮೊದಲು ಒಂದು ಒಲೆಗೆ ಹಾಕಿ ನೋಡೋಣವೆಂದ. ಅಡಿಗೆಯ ಗುರಪಾದಪ್ಪ, ಹಣೆತುಂಬ ವಿಭೂತಿಯ ದೊಡ್ಡ ಆಳು, ಒಂದು ಉಂಡೆಯನ್ನು ಮೂಸಿ ನೋಡಿ, "ಇದರ ವಾಸನಿ ರೊಟ್ಟಿಗೆ ಹತ್ತತೈತಿ. ಹುಡುಗೂರು ರೊಟ್ಟಿ ನನ್ನ ಮಾರಿಗೆ ಒಗೀತಾವ," ಎಂದ.

ಉಂಡೆ ಹತ್ತಲೇ ಇಲ್ಲ. ಶಾಂತವ್ವ ಹತ್ತಿಕಟ್ಟಿಗೆ ಇಟ್ಟು ಹಚ್ಚಿದಳು. ಅದು ಉರಿದು ಬೂದಿಯಾಯಿತು, ಉಂಡೆಗಳು ಅಂಚು ಕೆಂಪಾಗಿ ಮತ್ತೆ ಕಪ್ಪಾದವು. ಇನ್ನೊಮ್ಮೆ ಹಚ್ಚಿದಳು. ಅಡಿಗೆಮನೆಯ ತುಂಬ ಹಳದಿ ಹೊಗೆ. ಹೊರಗೆ ಹುಡುಗರು ಕೆಮ್ಮತೊಡಗಿದರು. ಶಿವಲಿಂಗಪ್ಪ ನನ್ನ ಮುಖ ನೋಡದೆ, "ಊಟದ ಹೊತ್ತಾತು. ಗುರಪಾದಪ್ಪಾ, ಕಟಗಿ ಹಚ್ಚು," ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಶಾಂತವ್ವ ಎದ್ದು ಹೋಗಲಿಲ್ಲ. ಒಲೆಯ ಬಾಯಿಯಲ್ಲಿ ಕೈ ಹಾಕಿ ತಳವನ್ನು ಮುಟ್ಟಿ ನೋಡಿದಳು. ಉದ್ದನೆಯ ಮಣ್ಣಿನ ಒಲೆ, ಕಟ್ಟಿಗೆಗೆಂದೇ ಮಾಡಿದ್ದು. ತಳ ಗಟ್ಟಿ ನೆಲ. "ಅಯ್ಯ, ಇದಕ್ಕ ಜಾಳಗಿ ಇಲ್ಲಲ್ಲರಿ!" ಎಂದಳು. ನಮ್ಮ ಸ್ಟೇಶನ್ ಓಣಿಯಲ್ಲಿ ಯಾರ ಮನೆಗೆ ಹೋದರೂ ಶೇಗಡಿ. ಕಬ್ಬಿಣದ ಆ ಒಲೆಯ ತಳದಲ್ಲಿ ಜಾಳಗಿಯ ಸರಳುಗಳಿರುತ್ತವೆ, ಕೆಳಗಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಉಂಡೆ ಉರಿಯಲು ಆ ಗಾಳಿ ಬೇಕು. ಒಲೆ ಬೇರೆ ಥರ ಇರಬಹುದೆಂದು ಅವಳಿಗೂ ಹೊಳೆದಿರಲಿಲ್ಲ, ಇದೇ ಬೋರ್ಡಿಂಗಿನಲ್ಲಿ ಎಷ್ಟೋ ಸಲ ಉಂಡ ನನಗೂ ಹೊಳೆದಿರಲಿಲ್ಲ. ಇಷ್ಟು ದೂರ ಉರುವಲು ಹೊತ್ತು ತಂದಿದ್ದೆವು. ಒಲೆಯ ಬಗ್ಗೆ ಒಬ್ಬರೂ ಕೇಳಿರಲಿಲ್ಲ.

"ಒಂದ ಒಲಿ ಕೊಡ್ರಿ ಸಾಹೇಬ್ರ. ತಳಾ ಒಡದು ಸರಳ ಕುಂಡರಸ್ತೇವಿ. ಸಂಜಿ ರೊಟ್ಟಿ ಇದರಾಗ ಆಗಲಿಲ್ಲಂದ್ರ ನಾನ ಒಲಿ ಮೊದಲಿನಂಗ ಮೆತ್ತಿಕೊಟ್ಟ ಹೋಗತೇನಿ," ಎಂದಳು.

ಶಿವಲಿಂಗಪ್ಪ ಗುರಪಾದಪ್ಪನ ಕಡೆ ನೋಡಿದ. ಆ ಒಲೆಗಳು ಅವನು ಕಟ್ಟಿದವು. ಪ್ರತಿ ಸೋಮವಾರ ತಾನೇ ಸಾರಿಸಿ, ವಿಭೂತಿ ಹಚ್ಚಿ, ಕೈಮುಗಿದು ಉರಿ ಹಾಕುವವನು. ಮಲ್ಲಪ್ಪ ಟ್ರ್ಯಾಕ್ಟರಿನಲ್ಲಿದ್ದ ಹಾರೆಯನ್ನು ತಂದು ನಿಂತಾಗ, ಗುರಪಾದಪ್ಪ ಅದನ್ನು ಅವನ ಕೈಯಿಂದ ಕಿತ್ತುಕೊಂಡ.

"ಮಂದಿ ಕೈಲೆ ನನ್ನ ಒಲಿ ಒಡಸಂಗಿಲ್ಲ. ಒಡದ್ರ ನಾನ ಒಡೀತೇನಿ."

ಮಧ್ಯಾಹ್ನದ ಊಟ ಮುಗಿದು ಒಲೆ ಆರಿದ ಮೇಲೆ ಗುರಪಾದಪ್ಪ ಅದರ ಬಾಯಿಗೆ ವಿಭೂತಿ ಹಚ್ಚಿದ. ಬಗ್ಗಿ ಹಣೆ ಮುಟ್ಟಿಸಿದ. ನಂತರ ಹಾರೆ ಹಾಕಿ ತಳ ಕೆದರಿ, ಗಾಳಿಗೆ ಮುಂದುಗಡೆ ಒಂದು ಕಿಂಡಿ ತೆಗೆದ. ಅಷ್ಟರಲ್ಲಿ ದಸ್ತಗೀರಸಾಬ ಮತ್ತು ನಾನು ಕಂಬಾರ ಓಣಿಗೆ ಹೋಗಿ ಹಳೆಯ ಚಕ್ಕಡಿ ಗಾಲಿಯ ಕಬ್ಬಿಣದ ಹಳಿಯನ್ನು ತುಂಡು ತುಂಡಾಗಿ ಕಡಿಸಿ, ನೆಟ್ಟಗೆ ಮಾಡಿಸಿ ತಂದೆವು. ಬೆರಳು ಹೋಗುವಷ್ಟು ಸಂದು ಬಿಟ್ಟು ಅವನ್ನು ಅಡ್ಡ ಜೋಡಿಸಿದೆವು.

ಶಾಂತವ್ವ ಹಚ್ಚಿದಳು. ಮೊದಲು ದಟ್ಟ ಹೊಗೆ ಬಂತು. ಗುರಪಾದಪ್ಪ ತಲೆ ಅಲ್ಲಾಡಿಸಿದ. "ತಡೀರಿ ಅಣ್ಣಾರ, ಹಸೇದು ಹೋಗೂತನಕ ಹೊಗಿ. ಪೂರಾ ಹತ್ತಿದ ಮ್ಯಾಲೆ ಹೊಗಿ ಇರಂಗಿಲ್ಲ," ಎಂದಳು. ಕಾಲು ತಾಸು ಕಾದೆವು. ಕಿಂಡಿಯಲ್ಲಿ ಗಾಳಿ ಗುಂಯ್ ಎನ್ನತೊಡಗಿತು. ಹೊಗೆ ತೆಳ್ಳಗಾಯಿತು, ಹೋಯಿತು. ಉಂಡೆಗಳು ಒಂದನ್ನೊಂದು ಹಿಡಿದುಕೊಂಡು ಕೆಂಪಾದವು.

ಗುರಪಾದಪ್ಪ ಹಂಚು ಇಟ್ಟು ಮೊದಲ ರೊಟ್ಟಿ ಬಡಿದ. ಉಬ್ಬಿತು. ಮುರಿದು ಮೂಸಿದ, ಅರ್ಧವನ್ನು ಶಾಂತವ್ವನಿಗೆ ಕೊಟ್ಟ. ಅವಳೂ ತಿನ್ನುವ ಮುನ್ನ ಮೂಸಿದಳು. "ಏನರೆ ವಾಸನಿ ಐತೇನ?" ಎಂದು ಕೇಳಿದಳು. "ಜ್ವಾಳದ್ದ ಐತಿ," ಎಂದ ಅವನು, ಮುಖ ಗಂಟಿಕ್ಕಿಕೊಂಡೇ. ಆಮೇಲೆ ಶಿವಲಿಂಗಪ್ಪನಿಗೆ, "ಉಳದ ಒಲಿಗೂ ಸರಳ ಬೇಕಾಗತಾವರಿ. ಮನ್ಯಾಗಿನ ಕೆಲಸ, ನಾ ನೋಡ್ಕೋತೇನಿ. ಈ ಅಕ್ಕಾರನ ಮತ್ತ ಯಾವಾಗ ಬರಾಕ ಹೇಳತೀರಿ ಹೇಳ್ರಿ," ಎಂದ. ಬರುವ ಅಮಾವಾಸ್ಯೆ ದಾಟಿದ ಮೇಲೆ ಇನ್ನೊಂದು ಲೋಡ್ ಎಂದು ಷಡ್ಡಕ ಎಲ್ಲರ ಮುಂದೆ ಹೇಳಿದ.

ಆ ರಾತ್ರಿ ಅಲ್ಲೇ ಮಲಗಿ, ಮರುದಿನ ಬೆಳಿಗ್ಗೆ ಹೊರಟೆವು. ಮಲ್ಲಪ್ಪ ಕಲ್ಲು ಹೇರಲು ಹಿಂದೆ ಉಳಿದ. ನಾವು ಮೂವರು ಖಾಲಿ ಲಾರಿಯಲ್ಲಿ. ಊರ ಹೊರಗಿನ ದಿನ್ನೆ ಏರಿದಾಗ ನಾನು ತಿರುಗಿ ನೋಡಿದೆ. ಓಣಿ ಓಣಿಯ ಮನೆಗಳ ಮೇಲೆ ಬೆಳಗಿನ ಹೊಗೆ ಎದ್ದಿತ್ತು. ಬೋರ್ಡಿಂಗಿನ ಉದ್ದನೆಯ ತಗಡಿನ ಮಾಡಿನ ಮೇಲೆ ಒಂದು ತುದಿಗೆ ಹೊಗೆಯಿತ್ತು, ನಮ್ಮ ಒಲೆಯಿದ್ದ ಇನ್ನೊಂದು ತುದಿಗೆ ಏನೂ ಇರಲಿಲ್ಲ.

"ನಮ್ಮ ಒಲಿ ಆರೇತೇನ ಶಾಂತವ್ವಾ?" ಎಂದೆ.

ಅವಳು ಕಿಟಕಿಯಿಂದ ಹೊರಗೆ ಬಗ್ಗಿ ನೋಡಿದಳು.

"ಇಲ್ಲರಿ ಅಣ್ಣಾ. ಛಲೋ ಹತ್ತೇತಿ."